ಮೂಲಪಾಠದ ಮೋಟಾರು

ನಮ್ಮ ತೆಲಿಗಿಯ ಮನೆಯಲ್ಲಿ ಒಟ್ಟು ಎಷ್ಟು ಜನ ಎಂದು ಯಾರಾದರೂ ಕೇಳಿದರೆ ತಂದೆಯವರು ಒಂದು ಕ್ಷಣ ತಡೆದು ಉತ್ತರ ಹೇಳುತ್ತಾರೆ. ಅವರು ಲೆಕ್ಕದಲ್ಲಿ ಹಿಂದೆಂದಲ್ಲ. ಹಿತ್ತಲ ಕೊಟ್ಟಿಗೆಯಲ್ಲಿ ನಿಂತಿರುವ ಅಂಬಾಸಿಡರನ್ನು ಎಣಿಕೆಗೆ ಸೇರಿಸಬೇಕೇ ಬೇಡವೇ ಎಂಬುದು ಅವರಿಗೆ ಇನ್ನೂ ತೀರ್ಮಾನವಾಗಿಲ್ಲ. 1966ರಲ್ಲಿ, ಹತ್ತಿಯ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡ ವರ್ಷ, ನಮ್ಮ ಅಜ್ಜನವರು ಅದನ್ನು ಕೊಂಡು ತಂದರು. ಕೊಂಡು ತಂದರೆಂದರೆ ಈಗಿನಂತೆ ಬೆಳಗ್ಗೆ ಅಂಗಡಿಗೆ ಹೋಗಿ ಸಂಜೆಗೆ ಕೀಲಿಕೈ ಹಿಡಿದು ಬಂದುದಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಾಗಿದ್ದ ಕಾಲ ಅದು. ಆಗ ತಂದೆಯವರಿಗೆ ಹನ್ನೊಂದು ವರ್ಷ. ದಾವಣಗೆರೆಯಿಂದ ಊರಿಗೆ ಬರುವಾಗ ಅವರು ಅಜ್ಜನವರ ಪಕ್ಕದ ಆಸನದಲ್ಲಿ ಕುಳಿತಿದ್ದರಂತೆ. ಈಗ ಎಪ್ಪತ್ತು ಮುಟ್ಟಿದ್ದಾರೆ. ಆ ಆಸನದಿಂದ ಇನ್ನೂ ಇಳಿದಿಲ್ಲ.

ಕಾರು ಬಂದಾಗ ಅದರ ಫಲಕದ ಮೇಲೆ ಮೈಸೂರು ರಾಜ್ಯದ ಅಕ್ಷರಗಳಿದ್ದುವು. 1973ರಲ್ಲಿ ರಾಜ್ಯದ ಹೆಸರು ಬದಲಾಯಿತು. ನಮ್ಮ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿದ್ದುದು 1997ರಲ್ಲಿ ದಾವಣಗೆರೆಗೆ ಸೇರಿತು, ಆಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಕಾರು ಕೊಟ್ಟಿಗೆ ಬಿಟ್ಟು ಅಲ್ಲಾಡದಿದ್ದಾಗಲೂ ಜಿಲ್ಲೆ ಅಲ್ಲಾಡುತ್ತಲೇ ಇದ್ದುದರಿಂದ, ಅದರ ಕಾಗದಪತ್ರಗಳ ಕಟ್ಟು ನಮ್ಮ ಹೊಲದ ಪಹಣಿಗಳ ಕಟ್ಟಿಗಿಂತ ದಪ್ಪವಾಗಿದೆ. ಆದರೂ ಕಾರು ಮಾತ್ರ ಅದೇ. ದಂತದ ಬಣ್ಣ, ದುಂಡು ಬೆನ್ನು, ಸ್ಟಿಯರಿಂಗಿನ ಕೊರಳಿಗೇ ಅಂಟಿಕೊಂಡ ಗೇರಿನ ಕೋಲು, ಮುಂದುಗಡೆ ಮೂವರು ಒತ್ತಿಕೊಂಡು ಕೂಡಬಹುದಾದ ಒಂದೇ ಉದ್ದ ಪೀಠ. ಬಲಗಡೆಯ ಹಿಂಬಾಗಿಲಿನಲ್ಲಿ ಒಂದು ಗೇಣುದ್ದದ ಗೀರು; 1972ರ ಮೈಲಾರದ ಜಾತ್ರೆಯಲ್ಲಿ ಯಾರದೋ ಎತ್ತಿನ ಕೊಂಬು ತಾಗಿದ್ದು.

ಈ ಕಾರು ವರ್ಷದಲ್ಲಿ ಹೆಚ್ಚೆಂದರೆ ಐದಾರು ಸಲ ಹೊರಗೆ ಬರುತ್ತದೆ. ಅವುಗಳಲ್ಲಿ ತಪ್ಪದೆ ನಡೆಯುವುದು ಮಾಘಮಾಸದಲ್ಲಿ ಕೊಟ್ಟೂರೇಶ್ವರನ ತೇರಿಗೆ ಹೋಗುವ ಪ್ರಯಾಣ. ಹರಪನಹಳ್ಳಿಯ ಮೇಲೆ ಹೋಗಿ, ತೇರು ನೋಡಿ, ಮಂಡಕ್ಕಿ ಮಿರ್ಚಿ ತಿಂದು, ಕತ್ತಲಾಗುವ ಮೊದಲೇ ಮರಳುವುದು ಅಜ್ಜನವರ ಕಾಲದ ಕ್ರಮ. ಹಿಂದಿನ ವರ್ಷ ಜನಸಂದಣಿಯಿಂದಾಗಿ ಹೊರಡುವುದು ತಡವಾಯಿತು. ಹರಪನಹಳ್ಳಿ ದಾಟಿ ಊರಿನ ದಾರಿ ಹಿಡಿದಿದ್ದೆವು. ತಂದೆಯವರು ಚಕ್ರ ಹಿಡಿದಿದ್ದರು, ನಾನು ಪಕ್ಕದಲ್ಲಿದ್ದೆ. ಹಿಂದೆ ತಾಯಿಯವರು, ನನ್ನ ಹೆಂಡತಿ, ಅವರಿಬ್ಬರ ನಡುವೆ ಆರು ವರ್ಷದ ಮಗಳು. ಮುಂದಿನ ದೀಪಗಳ ಬೆಳಕು ಒಂದು ಲಾಂದ್ರಕ್ಕಿಂತ ಬಹಳ ಮೇಲೇನಲ್ಲ. ತಿರುವಿನಲ್ಲಿ ಇದ್ದಕ್ಕಿದ್ದಂತೆ ಕುರಿಯ ಹಿಂಡು. ತಂದೆಯವರು ಬ್ರೇಕನ್ನು ಒತ್ತಿದರು. ಕಾರು ನಿಲ್ಲುವುದಕ್ಕೆ ಬದಲಾಗಿ ಎಡಕ್ಕೆ ಜಗ್ಗಿಕೊಂಡು ರಸ್ತೆ ಬಿಟ್ಟಿಳಿದು, ಬೇವಿನ ಮರಕ್ಕೆ ಎರಡು ಮಾರು ದೂರದಲ್ಲಿ ಕಾಲುವೆಯ ಮಣ್ಣಿನಲ್ಲಿ ಹೂತು ನಿಂತಿತು. ಕುರಿಗಳಿಗೆ ಏನೂ ಆಗಲಿಲ್ಲ. ನಮಗೂ ಏನೂ ಆಗಲಿಲ್ಲವೆಂದು ಮೊದಲು ಅಂದುಕೊಂಡೆವು. ಆಮೇಲೆ ನೋಡಿದರೆ ಮಗುವಿನ ಹಣೆ ಮುಂದಿನ ಪೀಠದ ಬೆನ್ನಿಗಿದ್ದ ತಗಡಿನ ಅಂಚಿಗೆ ಬಡಿದು ರಕ್ತ ಇಳಿಯುತ್ತಿತ್ತು. ಮೂರು ಹೊಲಿಗೆ ಬಿದ್ದುವು.

ಗಾಯ ಮಾಯಿತು. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಒಂದು ವಾದ ಹುಟ್ಟಿಕೊಂಡಿತು. ನನ್ನ ಪಕ್ಷ: ಕಾರಿನ ಹೊರರೂಪ ಹೇಗಿದೆಯೋ ಹಾಗೇ ಇರಲಿ, ಒಳಗಿನ ಬ್ರೇಕು, ದೀಪ, ಪಟ್ಟಿ ಮೊದಲಾದುವನ್ನು ಈ ಕಾಲಕ್ಕೆ ತಕ್ಕಂತೆ ಬದಲಿಸೋಣ, ಇಲ್ಲವಾದರೆ ಮಗುವನ್ನು ಇನ್ನು ಅದರಲ್ಲಿ ಕೂರಿಸುವುದಿಲ್ಲ. ತಂದೆಯವರ ಪಕ್ಷ: ಅಜ್ಜ ತಂದ ಕಾರು ಅಜ್ಜ ತಂದಂತೆಯೇ ಇರಬೇಕು, ಒಳಗೊಂದು ಹೊರಗೊಂದು ಆದರೆ ಅದು ಕಾರಲ್ಲ, ವೇಷ. ಹೊರಗಿನವರಿಗೆ ಇದು ಸಣ್ಣ ಮಾತಾಗಿ ಕಾಣಬಹುದು. ಆದರೆ ಮೊಮ್ಮಗಳ ಹಣೆಯ ಮೇಲಿನ ಗುರುತನ್ನು ಅವರು ದಿನವೂ ನೋಡುತ್ತಿದ್ದರು. ಅವರ ಕೈಯಲ್ಲೇ ಆದದ್ದೆಂಬುದನ್ನು ನಾವು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಮೌನ ಅದನ್ನು ಹೇಳುತ್ತಿತ್ತು. ಕಾರಿನಲ್ಲಿ ದೋಷವಿದೆ ಎಂದು ನಾನೆಂದರೆ ಅವರ ತಪ್ಪನ್ನು ಮುಚ್ಚುತ್ತಿದ್ದೇನೆಂದು ಅವರಿಗೆ ತೋರುತ್ತಿತ್ತು. ದೋಷವಿಲ್ಲವೆಂದರೆ ತಪ್ಪನ್ನು ಅವರ ತಲೆಗೇ ಕಟ್ಟಿದಂತೆ. ಹೀಗೆ ನಾಲ್ಕು ತಿಂಗಳು ಕಾರು ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ.

ಕೊನೆಗೆ ದಾವಣಗೆರೆಯ ಒಬ್ಬ ಹಳೆಯ ಮೇಸ್ತ್ರಿಗಳನ್ನು ಊರಿಗೇ ಕರೆಸಿದೆವು. ಅಂಬಾಸಿಡರು ಟ್ಯಾಕ್ಸಿಗಳ ಕಾಲದಲ್ಲಿ ಹಗಲೂ ರಾತ್ರಿ ಅವುಗಳ ಹೊಟ್ಟೆಯ ಕೆಳಗೇ ಮಲಗಿ ಬೆಳೆದವರು ಅವರು. ಗಾಲಿಗಳನ್ನು ಬಿಚ್ಚಿ ನೋಡಿ, ಎಣ್ಣೆಗೈಯನ್ನು ಒರೆಸಿಕೊಂಡು, “ಮೇಷ್ಟ್ರೇ, ಗಾಡಿ ಓಡಿ ಕೆಟ್ಟಿಲ್ಲ, ಕುಂತು ಕೆಟ್ಟೈತಿ” ಎಂದರು.

ವಿಷಯ ಹೀಗಿತ್ತು. ಬ್ರೇಕಿನ ಕೊಳವೆಗಳಲ್ಲಿರುವ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಓಡುವ ಕಾರಿನಲ್ಲಿ ಅದನ್ನು ಆಗಾಗ ಬದಲಿಸುತ್ತಾರೆ. ನಿಂತ ಕಾರಿನಲ್ಲಿ ಬದಲಿಸುವವರಿಲ್ಲ. ನೀರು ಸೇರಿದ ದ್ರವ ಬಲಗಡೆಯ ಮುಂಗಾಲಿಯ ಸಿಲಿಂಡರುಗಳನ್ನು ಒಳಗಿನಿಂದಲೇ ತುಕ್ಕು ಹಿಡಿಸಿ, ಅವು ಅಲ್ಲಾಡದಂತೆ ಕಚ್ಚಿಕೊಂಡಿದ್ದುವು. ಅಂದು ಹಿಡಿದದ್ದು ಎಡಗಾಲಿ ಮಾತ್ರ. ಆದ್ದರಿಂದಲೇ ಕಾರು ಎಡಕ್ಕೆ ಜಗ್ಗಿತು. ಎಡಗಡೆಯವು ಕಚ್ಚಿಕೊಂಡಿದ್ದರೆ ಬಲಕ್ಕೆ ಜಗ್ಗಿ, ಎದುರಿಗೆ ಬರುವ ಲಾರಿಯ ಮುಂದೆ ನಿಲ್ಲಿಸುತ್ತಿತ್ತು. ಈ ಮಾತನ್ನು ಮೇಸ್ತ್ರಿಗಳು ತೀರ ಸಹಜವಾಗಿ ಹೇಳಿದರು. ತಂದೆಯವರು ಎದ್ದು ಬಾವಿಯ ಕಡೆಗೆ ಹೋದರು.

ಮರಳಿ ಬಂದವರು, “ಹಂಗಂದ್ರ ಬ್ರೇಕಿಂದೇನೂ ತಪ್ಪಿಲ್ಲಲ್ಲ? ತುಕ್ಕು ತಗದು, ಹೊಸಾ ಸಿಲಿಂಡರ್ ಹಾಕಿ, ಇದ್ದಂಗ ಇಡ್ರಿ” ಎಂದರು. ಸೋತಂತೆ ಕಂಡರೂ ಅದು ಗೆಲುವಿನ ಮಾತೇ. ಏಕೆಂದರೆ ದೋಷ ಪೋಷಣೆಯದಾಯಿತು, ರಚನೆಯದಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಅವರ ತರ್ಕ ನನ್ನದಕ್ಕಿಂತ ಗಟ್ಟಿಯಾಗಿತ್ತು. ಹಳೆಯದು ಕೈಕೊಟ್ಟಿತೆಂದು ನಾವು ಹೊಸದನ್ನು ಹಾಕುತ್ತೇವೆ. ಬಹಳ ಸಲ ಹಳೆಯದನ್ನು ಸರಿಯಾಗಿ ನೋಡಿಕೊಂಡಿದ್ದರೆ ಸಾಕಾಗಿತ್ತು.

ಆದರೆ ಮೇಸ್ತ್ರಿಗಳು ಇನ್ನೊಂದು ಮಾತು ಸೇರಿಸಿದರು. ಆ ಕಾಲದ ಕಾರುಗಳಲ್ಲಿ ನಾಲ್ಕು ಗಾಲಿಗಳಿಗೂ ದ್ರವ ಹೋಗುವುದು ಒಂದೇ ಮಾರ್ಗವಾಗಿ. ಎಲ್ಲಿಯಾದರೂ ಒಂದು ಕೊಳವೆ ಸೋರಿದರೆ ನಾಲ್ಕರಲ್ಲಿ ಒಂದೂ ಹಿಡಿಯುವುದಿಲ್ಲ. ಪೆಡಲು ನೆಲ ಮುಟ್ಟುತ್ತದೆ, ಕಾರು ಮುಂದೆ ಹೋಗುತ್ತದೆ. ಈಚಿನ ಕಾರುಗಳಲ್ಲಿ ಮಾರ್ಗ ಎರಡು. ಒಂದು ಸೋತರೆ ಇನ್ನೊಂದು ಉಳಿಯುತ್ತದೆ. ಎಷ್ಟು ಒರೆಸಿ ತೊಳೆದರೂ ಒಂದು ಮಾರ್ಗ ಎರಡಾಗುವುದಿಲ್ಲವಲ್ಲ. ಇದು ಪೋಷಣೆಯಿಂದ ನೀಗುವ ಕೊರತೆಯಲ್ಲ.

ಇಲ್ಲಿ ನನಗೆ ನನ್ನ ವೃತ್ತಿಯ ನೆನಪಾಯಿತು. ಎಂ.ಎ. ತರಗತಿಗೆ ಗ್ರಂಥಸಂಪಾದನಶಾಸ್ತ್ರ ಪಾಠ ಹೇಳುವಾಗ ನಾನು ವಿದ್ಯಾರ್ಥಿಗಳಿಗೆ ಲಿಪಿಕಾರನ ಮೇಲೆ ದೂರು ಹೇಳುತ್ತೇನೆ. ಓಲೆಯ ಪ್ರತಿ ಮಾಡುವವನು ತನಗೆ ಅರ್ಥವಾಗದ ಹಳೆಯ ಪದವನ್ನು ತೆಗೆದು ಅರ್ಥವಾಗುವ ಹೊಸ ಪದವನ್ನಿಡುತ್ತಾನೆ. ಅವನ ಉದ್ದೇಶ ಒಳ್ಳೆಯದೇ, ಕೆಟ್ಟುದು ಕಾವ್ಯ. ಎರಡು ಪಾಠಗಳಲ್ಲಿ ಕ್ಲಿಷ್ಟವಾದುದೇ ಮೂಲವಾಗಿರುವ ಸಂಭವ ಹೆಚ್ಚೆಂದು ಸಂಪಾದಕರು ನಂಬುವುದು ಈ ಕಾರಣದಿಂದ. ವರ್ಷವರ್ಷವೂ ಇದನ್ನು ಹೇಳುವ ನಾನು, ಮನೆಗೆ ಬಂದು ಅಂಬಾಸಿಡರಿನ ಮುಂದೆ ನಿಂತ ಕೂಡಲೆ ಲಿಪಿಕಾರನಾಗಿಬಿಟ್ಟಿದ್ದೆ! ಗೇರಿನ ಕೋಲು ಕೈಗೆ ಒಗ್ಗದು, ತೆಗೆ. ಉದ್ದ ಪೀಠ ಅನನುಕೂಲ, ಬದಲಿಸು. ಎಂಜಿನು ಮಂದ, ಜಪಾನಿನದನ್ನು ಕೂರಿಸು. ತಂದೆಯವರು ಗ್ರಂಥಸಂಪಾದನೆ ಓದಿದವರಲ್ಲ. ಬಾಗಿಲಿನ ಗೀರಿಗೆ ಬಣ್ಣದವನು ಮೆತ್ತಲು ಹೋದಾಗ, “ಅದು ಶಾಸನ, ಮುಟ್ಟಬ್ಯಾಡ” ಎಂದವರು ಅವರೇ.

ಆದರೆ ಅವರಿಗೆ ಎದುರಾಗಿ ನನಗೊಂದು ಆಯುಧವೂ ದೊರೆಯಿತು. ಅದು ಅಂಬಾಸಿಡರಿನ ಚರಿತ್ರೆಯಲ್ಲೇ ಇತ್ತು. ಅದು ಅಚ್ಚ ಭಾರತೀಯ ಕಾರೆಂದು ನಾವು ಬಗೆದಿದ್ದರೂ ವಂಶಾವಳಿ ತೆಗೆದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಅವತಾರ. 1942ರಲ್ಲಿ ಹುಟ್ಟಿದ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ಗುಜರಾತಿನ ಓಖಾ ಬಂದರಿನಿಂದ ಬಂಗಾಳದ ಉತ್ತರಪಾಡಾಕ್ಕೆ ನೆಲೆ ಬದಲಿಸಿ, 1957-58ರ ಸುಮಾರಿಗೆ ಇದನ್ನು ಬೀದಿಗಿಳಿಸಿತು. ಬೀದಿಗಿಳಿದ ಒಂದೆರಡು ವರ್ಷದಲ್ಲೇ ಮೊದಲಿನ ಎಂಜಿನು ಹೋಗಿ ಬೇರೆಯದು ಬಂದಿತು. 1980ರ ಹೊತ್ತಿಗೆ ಡೀಸೆಲ್ ಎಂಜಿನು ಬಂದಿತು. ತೊಂಬತ್ತರ ದಶಕದ ಆರಂಭದಲ್ಲಿ ಜಪಾನಿನ ಇಸುಜು ಸಂಸ್ಥೆಯ 1,800 ಸಿ.ಸಿ. ಎಂಜಿನೂ ಐದು ಗೇರುಗಳೂ ಬಂದುವು. ಕೊನೆಕೊನೆಗೆ ಮುಂಗಾಲಿಗಳಿಗೆ ಡಿಸ್ಕ್ ಬ್ರೇಕೂ ಬಂದಿತು. 2014ರ ಮೇ ತಿಂಗಳಲ್ಲಿ ಕಾರ್ಖಾನೆ ಕೆಲಸ ನಿಲ್ಲಿಸುವವರೆಗೆ, ಐವತ್ತೈದು ವರ್ಷಕ್ಕೂ ಮೇಲೆ, ಮಂತ್ರಿಗಳಿಂದ ಹಿಡಿದು ಮದುವೆಯ ದಿಬ್ಬಣದವರೆಗೆ ಎಲ್ಲರನ್ನೂ ಹೊತ್ತ ಈ ಕಾರು ಮುಖವನ್ನು ಅಲ್ಲಲ್ಲಿ ತಿದ್ದಿಕೊಂಡು, ದೇಹದ ಆಕಾರವನ್ನು ಮಾತ್ರ ಕಾಪಾಡಿಕೊಂಡು, ಕರುಳುಗಳನ್ನು ಬದಲಿಸುತ್ತಲೇ ಬಂದಿದೆ. ಹಾಗಿದ್ದ ಮೇಲೆ ನಾವು ಮಾಡಹೊರಟದ್ದು ಕಾರ್ಖಾನೆಯೇ ಮಾಡಿದ್ದಕ್ಕಿಂತ ಬೇರೆ ಏನು?

“ಕಾರ್ಖಾನ್ಯಾಗ ಮಾಡಿದ್ದು ಬ್ಯಾರೆ ಕಾರು. ಇದು ನಮ್ಮಪ್ಪನ ಕಾರು” ಎಂದರು ತಂದೆಯವರು. ಆಯುಧ ಅಲ್ಲಿಗೆ ಮೊಂಡಾಯಿತು.

ವಾದ ಇನ್ನೂ ಎಷ್ಟು ದಿನ ನಡೆಯುತ್ತಿತ್ತೋ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ತಾಯಿಯವರು ರೊಟ್ಟಿಯ ಬುಟ್ಟಿಯನ್ನು ನಮ್ಮ ನಡುವೆ ಇಟ್ಟು, “ಅಪ್ಪ ಮಗ ಇಬ್ರೂ ಕಾರಿನ ಹಣೇಬರಾನ ಮಾತಾಡಾಕತ್ತೀರಿ. ಕೂಸಿನ ಹಣಿ ಯಾರೂ ನೋಡವಲ್ರಿ” ಎಂದರು. ಅಷ್ಟೇ. ಆಮೇಲೆ ಯಾರೂ ಮಾತಾಡಲಿಲ್ಲ. ಕೈತೊಳೆದು ಪಡಸಾಲೆಗೆ ಬಂದ ಮೇಲೆ ತಂದೆಯವರೇ ಮೆಲ್ಲನೆ ಕೊಟ್ಟೂರಿನ ತೇರಿನ ಮಾತೆತ್ತಿದರು.

ಓದುಗರಲ್ಲಿ ನಮ್ಮ ಕಡೆಯವರಿಗೆ ಅದು ನೆನಪಿರಲೇಬೇಕು. 2017ರ ಫೆಬ್ರವರಿ 21ರ ಸಂಜೆ, ಸಾವಿರಾರು ಜನರು ನೋಡನೋಡುತ್ತಿದ್ದಂತೆ, ಎಳೆಯುತ್ತಿದ್ದ ತೇರಿನ ಅಚ್ಚು ಮುರಿದು ತೇರು ಮಗುಚಿಬಿದ್ದಿತು. ಹಲವರಿಗೆ ಗಾಯಗಳಾದುವು. ಅಂದು ತಂದೆಯವರು ಅಲ್ಲಿಯೇ ಇದ್ದರು. ಆ ಸದ್ದನ್ನು ಬಹಳ ದಿನ ಅವರು ಮರೆತಿರಲಿಲ್ಲ. ಮುಂದೆ ಹೊಸ ತೇರು ಕಟ್ಟಿದರು. ಕಂಡವರಿಗೆ ಅದೇ ತೇರು, ಅದೇ ಪತಾಕೆ, ಅದೇ ಉತ್ತತ್ತಿ ಬಾಳೆಹಣ್ಣಿನ ಸುರಿಮಳೆ. “ಹೊಸಾ ತೇರು ಮಾಡಿದ್ರು. ಇದು ಹಳೇದಲ್ಲ, ನಾ ಹತ್ತಂಗಿಲ್ಲ ಅಂತ ಸ್ವಾಮಿ ಅಂದ್ನೇನು?” ಎಂದು ತಮ್ಮನ್ನೇ ಕೇಳಿಕೊಂಡರು. ಅವರ ಒಪ್ಪಿಗೆ ನನಗೆ ದೊರೆತದ್ದು ಹೀಗೆ. ನನ್ನ ತರ್ಕದಿಂದ ಅಲ್ಲ.

ಒಪ್ಪಿಗೆ ದೊರೆತರೆ ಸಾಲದು, ಕಾನೂನಿದೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಹಿರಿಯರ ಕಾರನ್ನು ಶೆಡ್ಡಿನಲ್ಲಿಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದೆ ಕುಳಿತಿರುವ ಮನೆಗಳು ನಮ್ಮದೊಂದೇ ಅಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪುರಾತನ ವಾಹನಗಳಿಗೆಂದೇ ನಿಯಮಗಳನ್ನು ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಚಾಸಿ, ದೇಹ, ಎಂಜಿನುಗಳಲ್ಲಿ ಗಣನೀಯ ಮಾರ್ಪಾಟು ಮಾಡದೆ ಮೂಲರೂಪದಲ್ಲಿ ಕಾಪಾಡಿದ ಕಾರು ‘ವಿಂಟೇಜ್’ ಎನಿಸಿಕೊಳ್ಳಬಹುದು. 20,000 ರೂಪಾಯಿ ಶುಲ್ಕ. ಹತ್ತು ವರ್ಷದ ಮಾನ್ಯತೆ. ಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು. ಓದಿದಾಗ ತಂದೆಯವರ ಮುಖ ಅರಳಿತು. ಆದರೆ ಕೆಳಗಿನ ಸಾಲಿನಲ್ಲಿ ಮುಳ್ಳಿತ್ತು. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಇಂಧನ ತುಂಬಿಸಲು, ದುರಸ್ತಿಗೆ ಒಯ್ಯಬಹುದೇ ಹೊರತು ನಿತ್ಯದ ಓಡಾಟಕ್ಕೆ ರಸ್ತೆಗೆ ತರುವಂತಿಲ್ಲ. ಮನೆಯವರನ್ನು ಕೂರಿಸಿಕೊಂಡು ಕೊಟ್ಟೂರಿನ ತೇರಿಗೆ ಹೋಗುವುದು ಪ್ರದರ್ಶನವೋ ಸಂಶೋಧನೆಯೋ ನೀವೇ ಹೇಳಿ.

ನಿಯಮವನ್ನು ದೂರುತ್ತಿಲ್ಲ. ಕೆಲವು ಕಾರುಗಳ ಜಾಗ ಅದೇ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ, ಈಚೆಗೆ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ದಲ್ಲಿ, ಸಾಲಾಗಿ ನಿಂತ ಹಳೆಯ ಕಾರುಗಳನ್ನು ನಾನು ಮಕ್ಕಳಂತೆ ಬಾಯಿಬಿಟ್ಟುಕೊಂಡು ನೋಡಿದ್ದೇನೆ. ಅವುಗಳ ಒಂದು ತಿರುಪುಮೊಳೆಯನ್ನೂ ಬದಲಿಸಬಾರದು. ಆದರೆ ಜಂಗಮವಾದ ವಸ್ತುವನ್ನು ಸ್ಥಾವರ ಮಾಡಿದ ಮೇಲೆ ಅದರ ಬದುಕು ಬೇರೆ. ನಮ್ಮದಿನ್ನೂ ಜಂಗಮ.

ಹಾಗೆಂದು ಸಾಮಾನ್ಯ ನೋಂದಣಿಯಲ್ಲೇ ಇಟ್ಟುಕೊಂಡು ಮನಬಂದಂತೆ ಕೊರೆದು ಜೋಡಿಸಲೂ ಬರುವುದಿಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಿರ್ದೇಶಿಸಿ ನೋಂದಣಿ ಪತ್ರದಲ್ಲಿ ಬರೆದಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಮೊಕದ್ದಮೆಯಲ್ಲಿ ಇದನ್ನು ಖಚಿತಪಡಿಸಿತು. ಎಂಜಿನು ಬದಲಿಸಬೇಕೆಂದರೆ ಮೊದಲೇ ಅನುಮತಿ ಬೇಕು. ಆದ್ದರಿಂದ ಜಪಾನಿನ ಎಂಜಿನಿನ ಕನಸನ್ನು ನಾನು ಅಲ್ಲಿಯೇ ಬಿಟ್ಟೆ. ಮಾಡಬೇಕೆಂದಿದ್ದ ಉಳಿದ ಬದಲಾವಣೆಗಳನ್ನು ಒಂದು ಕಾಗದದಲ್ಲಿ ಬರೆದು ಸಾರಿಗೆ ಕಚೇರಿಗೆ ಒಯ್ದು ಕೇಳಿದೆ. ಕೆಲಸ ಮುಗಿದ ಮೇಲೆ ಕೇಳುವುದಕ್ಕಿಂತ ಮೊದಲೇ ಕೇಳುವುದು ಅಗ್ಗ ಎಂಬುದನ್ನು ಮನೆ ಕಟ್ಟಿಸಿದವರೆಲ್ಲ ಬಲ್ಲರು. ನೋಂದಣಿ ನವೀಕರಣದ ಶುಲ್ಕ ಮಾತ್ರ ಕಣ್ಣು ಕುಕ್ಕುವಂತಿದೆ; ಹದಿನೈದು ವರ್ಷ ದಾಟಿದ ಕಾರಿಗೆ 600 ರೂಪಾಯಿ ಇದ್ದುದು 2022ರ ಏಪ್ರಿಲಿನಲ್ಲಿ 5,000 ಆಯಿತು.

ಇನ್ನು ಏನನ್ನು ಬದಲಿಸುವುದು, ಹೇಗೆ? ಇಲ್ಲಿಯೂ ಸಂಪಾದಕರ ಪದ್ಧತಿಯೇ ನನಗೆ ದಾರಿ ತೋರಿತು. ಒಳ್ಳೆಯ ಸಂಪಾದಕ ಮೂಲಪಾಠವನ್ನು ಅಳಿಸುವುದಿಲ್ಲ. ತನಗೆ ತೋರಿದ್ದನ್ನು ಅಡಿಟಿಪ್ಪಣಿಯಲ್ಲಿ ಇಡುತ್ತಾನೆ. ಪ್ರಪಂಚದ ಪುರಾತನ ವಾಹನ ಸಂಘಗಳ ಒಕ್ಕೂಟವೊಂದು 1966ರಿಂದ, ಎಂದರೆ ನಮ್ಮ ಕಾರಿನ ವಯಸ್ಸಿನಿಂದ, ನಡೆದುಬಂದಿದೆ. ಅದರ ಹೆಸರು ಫೀವಾ. ಹಳೆಯ ಕಾರುಗಳ ಎಂಜಿನು ಕಿತ್ತು ವಿದ್ಯುತ್ ಮೋಟಾರು ಕೂರಿಸುವ ಹುಚ್ಚು ಪಶ್ಚಿಮದಲ್ಲಿ ಹಬ್ಬಿದಾಗ, 2018ರಲ್ಲಿ ಇಂಗ್ಲೆಂಡಿನ ರಾಜಕುಮಾರ ಹ್ಯಾರಿ ತನ್ನ ಮದುವೆಯ ದಿನ ಅಂಥದೇ ಒಂದು 1968ರ ಜಾಗ್ವಾರ್ ಓಡಿಸಿ ಎಲ್ಲರ ಕಣ್ಣು ಸೆಳೆದ ಮರುವರ್ಷ, ಈ ಒಕ್ಕೂಟ ತನ್ನ ಅಭಿಪ್ರಾಯವನ್ನು ಹೇಳಿತು: ಹಾಗೆ ಮಾಡಿದರೆ ಅದು ಚಾರಿತ್ರಿಕ ವಾಹನವಲ್ಲ, ಮಾಡಲೇಬೇಕೆಂದರೆ ಮರಳಿ ಮೊದಲಿನಂತಾಗಿಸಲು ಬರುವ ಹಾಗೆ ಮಾಡಿ, ತೆಗೆದ ಭಾಗಗಳನ್ನೆಲ್ಲ ಕಾದಿಡಿ. ಅಡಿಟಿಪ್ಪಣಿ ಎಂದರೆ ಇದೇ ಅಲ್ಲವೇ? ನಮ್ಮ ಹಳ್ಳಿಗಳ ಗುಡಿಗಳಲ್ಲಿ ಸಾವಿರ ವರ್ಷದ ಕಲ್ಲಿಗೆ ಎಣ್ಣೆಬಣ್ಣ ಬಳಿದು ಜೀರ್ಣೋದ್ಧಾರವೆನ್ನುವವರು ಈ ಮಾತನ್ನು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಕೆಲಸ ಮೂರು ತಿಂಗಳು ಹಿಡಿಯಿತು. ಮುಂಗಾಲಿಗಳಿಗೆ ಕೊನೆಯ ಕಾಲದ ಅಂಬಾಸಿಡರಿನ ಡಿಸ್ಕ್ ಬ್ರೇಕುಗಳು ಬಂದುವು. ಗಾಲಿಯ ಹೊಳೆಯುವ ಬಟ್ಟಲು ಮುಚ್ಚಿದರೆ ಒಳಗೇನಿದೆಯೆಂದು ದೇವರಿಗೇ ಗೊತ್ತು. ದ್ರವದ ಮಾರ್ಗ ಎರಡಾಯಿತು. ಒಂದೆರಡು ಬುಷ್ಷುಗಳು ಎಲ್ಲಿಯೂ ಸಿಗಲಿಲ್ಲ. ಮೇಸ್ತ್ರಿಗಳು ತಮ್ಮ ಪರಿಚಯದ ಲೇತಿನವರಲ್ಲಿ ಕಡೆಸಿ ತಂದರು. ಆ ಲೇತು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. 1941ರಲ್ಲಿ ಆರಂಭವಾದ ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಅದರ ಯಂತ್ರಗಳು ಸುತ್ತಮುತ್ತಲ ಊರುಗಳಲ್ಲಿ ಇನ್ನೂ ತಿರುಗುತ್ತಿವೆ. ಬಾಗಿಲು ಮುಚ್ಚಿದ ಒಂದು ಕಾರ್ಖಾನೆಯ ಯಂತ್ರ ಬಾಗಿಲು ಮುಚ್ಚಿದ ಇನ್ನೊಂದು ಕಾರ್ಖಾನೆಯ ಕಾರನ್ನು ಬದುಕಿಸಿದ್ದನ್ನು ನಾನು ನಿಂತು ನೋಡಿದೆ.

ದೀಪದ ಕಥೆ ಬೇರೆ. ದೋಷ ದೀಪದ್ದಲ್ಲ, ಡೈನಮೋದ್ದು. ಅದು ಕೊಡುವುದು ಸುಮಾರು ಇಪ್ಪತ್ತು ಆಂಪೇರು. ಕಾರು ನಿಧಾನವಾದರೆ ಅದೂ ಇಲ್ಲ. ಅದಕ್ಕೇ ತಿರುವಿನಲ್ಲಿ, ಎಲ್ಲಿ ಬೆಳಕು ಬೇಕೋ ಅಲ್ಲಿಯೇ, ಕತ್ತಲು. ಆಲ್ಟರ್ನೇಟರು ಹಾಕಿದರೆ ಎಂಜಿನು ಸಾವಕಾಶವಾಗಿ ತಿರುಗುವಾಗಲೂ ಬೇಕಾದಷ್ಟು ವಿದ್ಯುತ್ತು ದೊರೆಯುತ್ತದೆ. ಹೊರದೇಶಗಳಲ್ಲಿ ಡೈನಮೋದ ಚಿಪ್ಪಿನೊಳಗೇ ಆಲ್ಟರ್ನೇಟರನ್ನು ಅಡಗಿಸಿ ಮಾರುತ್ತಾರೆ. ಅದರ ಬೆಲೆ ಕೇಳಿ ನಾವು ಬಹಿರಂಗವಾಗಿಯೇ ಹಾಕಿಕೊಂಡೆವು. ಬಾನೆಟ್ಟು ಎತ್ತಿ ನೋಡುವವರು ನೋಡಲಿ. ಆ ಕಾಲದ ಬ್ರಿಟಿಷ್ ಕಾರುಗಳನ್ನು ಇಟ್ಟುಕೊಂಡವರು ಈ ಕೆಲಸಕ್ಕೆ ಮೊದಲು ಬ್ಯಾಟರಿಯ ಯಾವ ಕಡೆಯನ್ನು ಕಾರಿನ ದೇಹಕ್ಕೆ ಕಟ್ಟಿದೆಯೆಂದು ನೋಡಿಕೊಳ್ಳಬೇಕು. ಅವುಗಳಲ್ಲಿ ಅನೇಕಕ್ಕೆ ಅದು ಈಗಿನ ಪದ್ಧತಿಗೆ ತಿರುಗುಮುರುಗು. ನೋಡದೆ ಜೋಡಿಸಿದರೆ ಹೊಸ ಆಲ್ಟರ್ನೇಟರು ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಪೆಟ್ರೋಲಿನ ಬಗ್ಗೆ ನನಗೆ ಮೊದಲು ಹೊಳೆದಿರಲೇ ಇಲ್ಲ. ಈ ಎಂಜಿನು ಸೀಸ ಬೆರೆಸಿದ ಪೆಟ್ರೋಲು ಕುಡಿದು ಬೆಳೆದದ್ದು. ಆ ಸೀಸವೇ ಅದರ ಕವಾಟಗಳ ಪೀಠಕ್ಕೆ ಲೇಪವಾಗಿತ್ತು. 2000ದಲ್ಲಿ ಸೀಸ ನಿಂತಿತು. ಈಗ, 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪ್ರಧಾನಿಯವರು ಉದ್ಘಾಟಿಸಿದ ಮೇಲೆ, ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು ದೇಶಕ್ಕೆಲ್ಲ ಹರಡಿದೆ. ಹಳೆಯ ರಬ್ಬರಿನ ಕೊಳವೆಗಳನ್ನೂ ಬಿರಡೆಗಳನ್ನೂ ಎಥನಾಲ್ ಮೆತ್ತಗೆ ಮಾಡಿ ಸೀಳಿಸುತ್ತದೆ. ಬಿಸಿ ಎಂಜಿನಿನ ಮೇಲೆ ಪೆಟ್ರೋಲು ಸೋರಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಕೊಳವೆಗಳನ್ನೆಲ್ಲ ಹೊಸ ಬಗೆಯವಾಗಿ ಬದಲಿಸಿ, ಕವಾಟಗಳಿಗೆ ಗಟ್ಟಿ ಪೀಠ ಕೂರಿಸಿದೆವು. ಮೆಕ್ಕೆಜೋಳದಿಂದಲೂ ಈಗ ಎಥನಾಲ್ ತೆಗೆಯುತ್ತಾರೆಂದು ನಾನು ಹೇಳಿದಾಗ ತಂದೆಯವರು ಬಹಳ ದಿನಗಳ ಮೇಲೆ ನಕ್ಕರು. ನಮ್ಮ ಹೊಲದ ತುಂಬ ಅದೇ ಬೆಳೆ. “ಬಿಡು, ಎತ್ತಿಗೆ ಹಾಕೋದನ್ನ ಇದಕ್ಕೂ ಹಾಕಿದಂಗಾತು” ಎಂದರು.

ಕೊನೆಗೆ ಉಳಿದದ್ದು ಪಟ್ಟಿ. ಎದೆಯ ಮೇಲೂ ಸೊಂಟದ ಮೇಲೂ ಹಾಯುವ ಮೂರು ಬಿಂದುಗಳ ಸುರಕ್ಷಾಪಟ್ಟಿಯನ್ನು ಸ್ವೀಡನ್ನಿನ ವೋಲ್ವೋ ಸಂಸ್ಥೆಯಲ್ಲಿ ನಿಲ್ಸ್ ಬೋಲಿನ್ ಎಂಬಾತ ರೂಪಿಸಿದ್ದು 1959ರಲ್ಲಿ, ಅಂಬಾಸಿಡರು ಇನ್ನೂ ತೊಟ್ಟಿಲ ಕೂಸಾಗಿದ್ದಾಗ. ಆದರೆ ನಮ್ಮ ಕಾರಿಗೆ ಅದು ತಲುಪಲು ಅರವತ್ತಾರು ವರ್ಷ ಬೇಕಾಯಿತು. ಇದರಲ್ಲಿ ಒಂದು ಎಚ್ಚರ ಅಗತ್ಯ. ಹಳೆಯ ತಗಡಿಗೆ ಬರಿಯ ತೂತು ಕೊರೆದು ಪಟ್ಟಿ ಬಿಗಿದರೆ, ಅಪಘಾತದಲ್ಲಿ ಪಟ್ಟಿ ಉಳಿಯುತ್ತದೆ, ತಗಡು ಹರಿಯುತ್ತದೆ. ಬಿಗಿಯುವ ಪ್ರತಿಯೊಂದು ಜಾಗದ ಹಿಂದೆಯೂ ದಪ್ಪ ಉಕ್ಕಿನ ಬಿಲ್ಲೆಯನ್ನು ಕೂರಿಸಿಸಿದೆವು. ಮಗುವಿನ ಕತ್ತಿಗೆ ಪಟ್ಟಿ ಒತ್ತದಿರಲೆಂದು ಎತ್ತರದ ಪುಟ್ಟ ಆಸನವೊಂದನ್ನು ತಂದೆವು. ಪಟ್ಟಿಯ ಬಣ್ಣ ಪೀಠದ ಬಣ್ಣಕ್ಕೆ ಹೊಂದಬೇಕೆಂದು ದಾವಣಗೆರೆಯ ಅಂಗಡಿಗಳನ್ನೆಲ್ಲ ತಿರುಗಿದವರು ಯಾರೆಂದುಕೊಂಡಿರಿ? ತಂದೆಯವರೇ.

ಗೇರಿನ ಕೋಲನ್ನು ಮುಟ್ಟಲಿಲ್ಲ. ಎಂಜಿನಿನ ಸಂಖ್ಯೆ ಅದೇ. ಹಾರನ್ನಿನ ಧ್ವನಿ ಅದೇ. ಅದನ್ನು ಕೇಳಿದರೆ ಈಗಲೂ ಊರ ಬಾಗಿಲಲ್ಲಿ ನಾಯಿಗಳು ಏಳುತ್ತವೆ. ಗೀರೂ ಇದೆ.

ತೆಗೆದ ಭಾಗಗಳನ್ನು ಒಂದೊಂದಾಗಿ ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ಸವರಿ, ಗೋಣಿಚೀಲಗಳಲ್ಲಿ ಕಟ್ಟಿ ಅಟ್ಟಕ್ಕೆ ಏರಿಸುವ ಕೆಲಸವನ್ನು ತಂದೆಯವರು ತಾವೇ ವಹಿಸಿಕೊಂಡರು. ಪ್ರತಿ ಚೀಲಕ್ಕೂ ಒಂದು ಚೀಟಿ. ಚೀಟಿ ಬರೆಯುವ ಭಾರ ಈಗಷ್ಟೇ ಒತ್ತಕ್ಷರ ಕಲಿತಿರುವ ಮಗಳದು. ‘ಡೈನಮೊ’, ‘ಬ್ರೇಕಿನ ಶೂ’ ಎಂದು ಅಜ್ಜ ಹೇಳಿದಂತೆ ಬರೆಯುತ್ತಿದ್ದಳು. ತುಕ್ಕು ಹಿಡಿದು ಕಚ್ಚಿಕೊಂಡ ಆ ಬಲಗಾಲಿಯ ಸಿಲಿಂಡರುಗಳು ಬಂದಾಗ ಅವರು ಸ್ವಲ್ಪ ಹೊತ್ತು ಅವನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು. ಇವು ಯಾವ ಕೆಲಸಕ್ಕೂ ಬರುವುದಿಲ್ಲ, ಗುಜರಿಗೆ ಹಾಕೋಣವೆಂದು ನಾನೆಂದೆ. ಅವರು ಕೇಳಲಿಲ್ಲ. ಮಗಳು, “ಅಜ್ಜಾ, ಇದಕ್ಕೇನಂತ ಬರೀಲಿ?” ಎಂದಳು. “ಬರೀಬ್ಯಾಡವ್ವಾ. ಇದು ಯಾವ್ದಂತ ನನಗ ಗೊತ್ತೈತಿ” ಎಂದು ಆ ಚೀಲದ ಬಾಯನ್ನು ತಾವೇ ಕಟ್ಟಿದರು.

ಈ ಸಲದ ತೇರಿಗೆ ಹೊರಟಾಗ ತಾಯಿಯವರು ಎಂದಿನಂತೆ ಗಾಲಿಗಳಿಗೆ ನಿಂಬೆಹಣ್ಣು ಇಟ್ಟರು. ತಂದೆಯವರು ಚಾಲಕನ ಬಾಗಿಲು ತೆರೆದರು, ಒಂದು ಕ್ಷಣ ನಿಂತರು, ಕೀಲಿಕೈಯನ್ನು ನನ್ನ ಕೈಗಿಟ್ಟು, ಸುತ್ತಿಹೋಗಿ ಎಡಗಡೆಯ ಪೀಠದಲ್ಲಿ, 1966ರಲ್ಲಿ ತಾವು ಕುಳಿತಿದ್ದ ಜಾಗದಲ್ಲಿ, ಕುಳಿತರು. ಪಟ್ಟಿಯ ಕೊಂಡಿ ಅವರಿಗೆ ಸಿಗದೆ ತಡಕಾಡುತ್ತಿದ್ದಾಗ ಹಿಂದಿನಿಂದ ಮಗಳು ಬಗ್ಗಿ ಅದನ್ನು ಸಿಕ್ಕಿಸಿಕೊಟ್ಟಳು.